ಅಪ್ಪಯ್ಯನಿಗೆ ಬರೆದ ಫ್ರಿಜ್ಜಿನ ಲೆಕ್ಕ

ಫ್ರೈಬುರ್ಗ್, ಜರ್ಮನಿ
ನವೆಂಬರ್ 2025

ತೀರ್ಥರೂಪು ಅಪ್ಪಯ್ಯನಿಗೆ ಮತ್ತು ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಲ್ಲಿ ಕೊನೆ ಕೊಯ್ಲು ಶುರುವಾಗಿರಬೇಕು. ಈ ವರ್ಷವಾದರೂ ಆಳು ಸರಿಯಾಗಿ ಸಿಕ್ಕಿದರಾ? ಅಮ್ಮನ ಮಂಡಿನೋವು ಹೇಗಿದೆ ಎಂದು ತಮ್ಮನನ್ನು ಕೇಳಿದರೆ "ಹಾಂಗೇ ಇದೆ" ಅನ್ನುತ್ತಾನೆ. ಅದರಿಂದ ನನಗೇನೂ ತಿಳಿಯುವುದಿಲ್ಲ, ಅಮ್ಮನೇ ಫೋನ್ ಮಾಡಿ ಹೇಳಲಿ.

ಭಾನುವಾರ ನೀವು ಕೇಳಿದ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. "ಐದು ಸ್ಟಾರ್ ಫ್ರಿಜ್ಜಿಗೆ ಮೂರು ಸಾವಿರ ಜಾಸ್ತಿ ಹೇಳ್ತಾನೆ. ನಮಗೆ ಬಿಲ್ಲೇ ಸೊನ್ನೆ ಬರುವಾಗ ಯಾಕೆ ಕೊಡಬೇಕು?" ಎಂದಿರಿ. ನಾನು ಅವಸರದಲ್ಲಿ "ತಗೊಳ್ಳಿ ಅಪ್ಪಯ್ಯ, ಪರಿಸರಕ್ಕೆ ಒಳ್ಳೇದು" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಅದು ಅರ್ಧ ಮಾತ್ರ ನಿಜ ಅನ್ನಿಸಿತು. ಅಡಿಕೆ ಚೀಲದ ತೂಕವನ್ನು ಎರಡು ಸಲ ನೋಡುವ ಮನುಷ್ಯ ನೀವು, ಅರ್ಧ ಉತ್ತರ ಕೊಟ್ಟದ್ದು ತಪ್ಪು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ಮನೆಯ ಕಥೆ ಹೇಳುತ್ತೇನೆ. ಇಲ್ಲಿ ಚಳಿಗಾಲ ಅಂದರೆ ನಮ್ಮೂರ ಆಷಾಢದ ಹಾಗೆ, ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಅಲ್ಲಿ ಬಚ್ಚಲ ಒಲೆಯ ಮೇಲೆ ತಂತಿ ಕಟ್ಟಿ ಒಣಗಿಸುತ್ತೇವೆ, ಇಲ್ಲಿ ಅದಕ್ಕೆ ಡ್ರೈಯರ್ ಯಂತ್ರ. ನನ್ನ ಹಳೆಯ ಡ್ರೈಯರ್ ಒಂದು ಸಲಕ್ಕೆ ನಾಲ್ಕು ಯೂನಿಟ್ ತಿನ್ನುತ್ತಿತ್ತು. ನಾನು ಕೊಡುವ ದರ ಒಂದು ಯೂನಿಟ್ಟಿಗೆ ಸುಮಾರು 35 ಸೆಂಟ್, ನಮ್ಮ ಲೆಕ್ಕದಲ್ಲಿ 30 ರೂಪಾಯಿಗೂ ಮೇಲೆ. ಹಾಗಾಗಿ ವಾರಕ್ಕೆ ಎರಡೇ ಸಲ, ಅದೂ ಟವೆಲ್ಲು ಹೊದಿಕೆಗಳಿಗೆ ಮಾತ್ರ ಹಾಕುತ್ತಿದ್ದೆ. ಅದು ಕೆಟ್ಟಾಗ ಹೀಟ್ ಪಂಪ್ ಡ್ರೈಯರ್ ತಂದೆ. ಹಳೆಯದು ಬಿಸಿ ಗಾಳಿಯ ಶಾಖವನ್ನು ಉಳಿಸಿಕೊಳ್ಳದೆ ಕೋಣೆಗೇ ಬಿಟ್ಟುಬಿಡುತ್ತಿತ್ತು. ಹೊಸದು ಫ್ರಿಜ್ಜಿನ ಕಂಪ್ರೆಸರ್ ತರಹದ ಯಂತ್ರದಿಂದ ಆ ಗಾಳಿಯ ತೇವ ಹಿಂಡಿ, ಶಾಖವನ್ನು ಹಿಡಿದು ಮತ್ತೆ ಬಟ್ಟೆಗೇ ತಿರುಗಿಸುತ್ತದೆ. ಅದರ ಖರ್ಚು ಸಲಕ್ಕೆ ಬರೀ 1.6 ಯೂನಿಟ್. 2025ರ ಜುಲೈಯಿಂದ ಯುರೋಪಿನ ಮಾರುಕಟ್ಟೆಗೆ ಹೊಸದಾಗಿ ಬರುವ ಮನೆಬಳಕೆಯ ಡ್ರೈಯರ್‌ಗಳೆಲ್ಲ ಈ ಜಾತಿಯವೇ ಆಗಬೇಕು ಎಂದು ನಿಯಮವೂ ಬಂದಿದೆ.

ಅರ್ಧಕ್ಕಿಂತ ಹೆಚ್ಚು ಉಳಿಯಿತು ಎಂದು ಖುಷಿಪಟ್ಟೆ. ಇಲ್ಲಿ ಕರೆಂಟಿನ ಪಕ್ಕಾ ಲೆಕ್ಕ ವರ್ಷಕ್ಕೊಮ್ಮೆ ಬರುವುದು. ಅದು ಬಂದಾಗ ನೋಡಿದರೆ ಯೂನಿಟ್ ಇಳಿದೇ ಇಲ್ಲ. ಊರಿನ ಗ್ರಂಥಾಲಯದಲ್ಲಿ ಪುಸ್ತಕದ ಹಾಗೆಯೇ ಕರೆಂಟ್ ಅಳೆಯುವ ಪುಟ್ಟ ಮೀಟರನ್ನೂ ಎರವಲು ಕೊಡುತ್ತಾರೆ. ಅದನ್ನು ತಂದು ಪ್ಲಗ್ಗಿಗೆ ಹಾಕಿ ತಿಂಗಳು ಬರೆದಿಟ್ಟ ಮೇಲೆ ಗೊತ್ತಾಯಿತು: ಹೇಗೂ ಖರ್ಚು ಕಡಿಮೆ ಎಂದು ವಾರಕ್ಕೆ ಐದು ಸಲ ಓಡಿಸುತ್ತಿದ್ದೇನೆ. ಎರಡು ನಾಲ್ಕಲೆ ಎಂಟು, ಐದು 1.6ಲೆಯೂ ಎಂಟೇ. ಯಂತ್ರ ತನ್ನ ಮಾತು ಉಳಿಸಿಕೊಂಡಿತ್ತು, ಬದಲಾದದ್ದು ನನ್ನ ಕೈ. ಈಗ ಕಿಟಕಿ ತೆಗೆದಿಡುವಷ್ಟು ಹದವಾದ ದಿನಗಳಲ್ಲಿ ಮತ್ತೆ ಸ್ಟ್ಯಾಂಡಿನ ಮೇಲೆ ಒಣಗಿಸುತ್ತೇನೆ. ಗಟ್ಟಿ ಚಳಿಯಲ್ಲಿ ಮುಚ್ಚಿದ ಮನೆಯೊಳಗೆ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಆಗಷ್ಟೇ ಯಂತ್ರ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ತಮ್ಮನಿಗೆ ಒಂದು ಕೆಲಸ ಹೇಳಿದ್ದೆ, ಮಾಡಿದ್ದಾನೆ. ರಾತ್ರಿ ಹತ್ತಕ್ಕೆ ಫ್ರಿಜ್ ಬಿಟ್ಟು ಎಲ್ಲವನ್ನೂ ಆರಿಸಿ ಮೀಟರ್ ಓದಿ, ಬೆಳಗ್ಗೆ ಆರಕ್ಕೆ ಮತ್ತೆ ಓದಿದ. ಎಂಟು ಗಂಟೆಗೆ 0.4 ಯೂನಿಟ್. ದಿನಕ್ಕೆ 1.2, ತಿಂಗಳಿಗೆ 36. ರಾತ್ರಿ ತಂಪು, ಬಾಗಿಲನ್ನೂ ಯಾರೂ ತೆಗೆಯುವುದಿಲ್ಲ, ಹಾಗಾಗಿ ಹಗಲಿನದು ಇನ್ನೂ ಹೆಚ್ಚೇ ಇರಬೇಕು. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ ನಮಗೆ ತಿಂಗಳಿಗೆ ಸಿಕ್ಕಿರುವುದು 2022-23ರ ಸರಾಸರಿ 64, ಅದರ ಮೇಲೆ ಶೇ. 10, ಒಟ್ಟು 70 ಯೂನಿಟ್. ಅದರಲ್ಲಿ ಅರ್ಧಕ್ಕೂ ಹೆಚ್ಚನ್ನು ಆ ಒಂದು ಹಳೆಯ ಪೆಟ್ಟಿಗೆಯೇ ತಿನ್ನುತ್ತಿದೆ!

ಸಣ್ಣ, ಒಂದೇ ಬಾಗಿಲಿನ ಹೊಸ ಫ್ರಿಜ್‌ಗಳಲ್ಲಿ ಲೇಬಲ್ಲಿನ ಮೇಲೆ ವರ್ಷಕ್ಕೆ 150 ಯೂನಿಟ್ಟಿನ ಒಳಗೆ ಬರೆದಿರುವುದು ಸಿಗುತ್ತದೆ. ನಮ್ಮದು 430. ಉಳಿಯುವುದು 280. ಬಿಲ್ ಕಟ್ಟುವ ಮನೆಯಾದರೆ ಯೂನಿಟ್ಟಿಗೆ ತೆರಿಗೆ ಎಲ್ಲ ಸೇರಿ ಏಳು ರೂಪಾಯಿ ಹಿಡಿದರೂ ವರ್ಷಕ್ಕೆ ಎರಡು ಸಾವಿರದ ಹತ್ತಿರ. ನಿಮ್ಮ ಬಿಲ್ ಸೊನ್ನೆಯಾದ್ದರಿಂದ ನಿಮ್ಮ ಜೇಬಿಗೆ ಒಂದು ಪೈಸೆಯೂ ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ, ನಿಮ್ಮ ಪ್ರಶ್ನೆ ಸರಿಯಾಗಿಯೇ ಇತ್ತು.

ಮೂರು ಸ್ಟಾರಾ ಐದು ಸ್ಟಾರಾ ಅನ್ನುವುದು ಇನ್ನೂ ಸಣ್ಣ ವಿಷಯ. ಎರಡರ ಲೇಬಲ್ ಪಕ್ಕಪಕ್ಕ ಇಟ್ಟು ವರ್ಷದ ಯೂನಿಟ್ ಓದಿ. ವ್ಯತ್ಯಾಸ ನಲವತ್ತಿದ್ದರೆ ವರ್ಷಕ್ಕೆ 280 ರೂಪಾಯಿ. ಮೂರು ಸಾವಿರ ಹುಟ್ಟಲು ಹತ್ತು ವರ್ಷಕ್ಕೂ ಮೇಲೆ ಬೇಕು, ಅದೂ ಬಿಲ್ ಕಟ್ಟುವವರಿಗೆ. ನಕ್ಷತ್ರವನ್ನು ಆಯಾ ಗಾತ್ರದ ಫ್ರಿಜ್ಜುಗಳೊಳಗೆ ಹೋಲಿಸಿ ಕೊಡುತ್ತಾರೆ ಎಂಬುದನ್ನು ಅಂಗಡಿಯವನು ಹೇಳುವುದಿಲ್ಲ. ದೊಡ್ಡ ಎರಡು ಬಾಗಿಲಿನದಕ್ಕೆ ಐದು ನಕ್ಷತ್ರ ಇದ್ದರೂ ಅದು ಮೂರು ನಕ್ಷತ್ರದ ಸಣ್ಣದಕ್ಕಿಂತ ಹೆಚ್ಚು ಕರೆಂಟ್ ಎಳೆಯಬಹುದು. ಲೇಬಲ್ ಯಾವ ವರ್ಷದ್ದು ಅಂತಲೂ ನೋಡಿ, ಗುಣಮಟ್ಟ ಬಿಗಿಯಾದ ಹಾಗೆ ಹಳೆಯ ಐದು ಸ್ಟಾರ್ ಈಗ ಐದು ಉಳಿಯುವುದಿಲ್ಲ. ಇಲ್ಲೂ ಹೀಗೇ ಆಯಿತು. ಎ ಪ್ಲಸ್ ಪ್ಲಸ್ ಪ್ಲಸ್ ತನಕ ಬೆಳೆದಿದ್ದ ಲೇಬಲ್ಲನ್ನು 2021ರ ಮಾರ್ಚಿನಲ್ಲಿ ತೆಗೆದು ಮತ್ತೆ ಎ ಇಂದ ಜಿ ವರೆಗೆ ಮಾಡಿದರು. ನಿಮ್ಮಿಬ್ಬರಿಗೆ, ತಮ್ಮನಿಗೆ 190 ಲೀಟರ್ ಸಾಕು. ಹಬ್ಬಕ್ಕೆ ಎಲ್ಲರೂ ಬಂದಾಗ ಸಾಲದು ಎಂದು ಅಮ್ಮ ಹೇಳುತ್ತಾಳೆ, ಆದರೆ ಆ ನಾಲ್ಕು ದಿನಕ್ಕೋಸ್ಕರ ವರ್ಷವಿಡೀ ದೊಡ್ಡ ಪೆಟ್ಟಿಗೆ ತಣ್ಣಗಿಡುವುದು ಬೇಡ ಅಮ್ಮ.

ಬಟ್ಟೆ ಒಗೆಯುವ ಯಂತ್ರವನ್ನು ಮುಟ್ಟಲೇಬೇಡಿ. ಆ ಯಂತ್ರಗಳಲ್ಲಿ ಹೆಚ್ಚಿನ ಕರೆಂಟ್ ಹೋಗುವುದು ನೀರು ಕಾಯಿಸಲಿಕ್ಕೆ. ಅಮ್ಮ ಒಗೆಯುವುದು ಬಾವಿಯ ತಣ್ಣೀರಿನಲ್ಲಿ, ಅಲ್ಲಿ ಉಳಿಸಲು ಏನೂ ಇಲ್ಲ.

ಫ್ಯಾನಿನದು ಊರಿಂದ ಊರಿಗೆ ಬೇರೆ. ಸಾಮಾನ್ಯ ಫ್ಯಾನ್ 75 ವಾಟ್, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30 ವಾಟ್. ನಮ್ಮಲ್ಲಿ ಫ್ಯಾನ್ ತಿರುಗುವುದು ಬೇಸಿಗೆಯ ಮೂರು ತಿಂಗಳು, ಚೆನ್ನಾಗಿರುವುದನ್ನು ಕಿತ್ತು ಹೊಸದು ಹಾಕುವುದರಲ್ಲಿ ಅರ್ಥವಿಲ್ಲ. ರಾಯಚೂರಿನ ಅಕ್ಕನ ಮನೆಗೆ ಮಾತ್ರ ನಾನೇ ಫೋನ್ ಮಾಡಿ ಹೇಳಿದ್ದೇನೆ. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನಿಂದ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ, ಮೂರು ಫ್ಯಾನಿಂದ 48. ಬೇಸಿಗೆಯಲ್ಲಿ ಅವಳಿಗೆ 235 ಯೂನಿಟ್ ಬಂದು, ಗೃಹಜ್ಯೋತಿಯ 200ರ ಗಡಿ ದಾಟಿತೆಂದು ಪೂರ್ತಿ ಬಿಲ್ ಕಟ್ಟಬೇಕಾಗಿತ್ತು. 187ಕ್ಕೆ ಇಳಿದರೆ ತನ್ನ ಪಾಲಿನ ಮಿತಿಗಿಂತ ಹೆಚ್ಚಾದಷ್ಟಕ್ಕೆ ಮಾತ್ರ ಕಟ್ಟಿದರೆ ಸಾಕು. ಅವಳಿಗೆ ಆ ಫ್ಯಾನುಗಳು ಒಂದೆರಡು ಬೇಸಿಗೆಯಲ್ಲೇ ದುಡ್ಡು ಹಿಂದಕ್ಕೆ ಕೊಡುತ್ತವೆ. ಕರೆಂಟ್ ಹೋದಾಗ ಬ್ಯಾಟರಿಯಲ್ಲೂ ಜಾಸ್ತಿ ಹೊತ್ತು ತಿರುಗುತ್ತವೆ, ಸಣ್ಣ ಮಗು ಇರುವ ಮನೆಗೆ ಅದು ದೊಡ್ಡದು.

ಇನ್ನು ಸಿಡಿಲಿನ ಮಾತು. ಹೊಸ ಯಂತ್ರಗಳ ಒಳಗೆಲ್ಲ ಎಲೆಕ್ಟ್ರಾನಿಕ್ ಬೋರ್ಡು ಇರುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗಿಗೆ ನಮ್ಮ ಟಿವಿ ಎರಡು ಸಲ ಹೋದದ್ದು ನೆನಪಿದೆಯಲ್ಲ? ಬೋರ್ಡ್ ಒಮ್ಮೆ ಸುಟ್ಟರೆ ನಾಲ್ಕಾರು ವರ್ಷದ ಉಳಿತಾಯ ಅಲ್ಲಿಗೇ ಹೋಯಿತು. ಅದಕ್ಕೇ ಸ್ಟೆಬಿಲೈಸರ್ ಇರಲಿ, ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ. ಸಾಗರದ ಪೇಟೆಯಲ್ಲಿ ರಿಪೇರಿಯವರು ಸಿಗುವ ಕಂಪನಿಯದೇ ಇರಲಿ, ಬೆಲೆಗಿಂತ ಮೊದಲು ಅದನ್ನೇ ಕೇಳಿ.

ಇಷ್ಟೆಲ್ಲ ಆದ ಮೇಲೂ ಫ್ರಿಜ್ ಬದಲಿಸಿ ಎಂದೇ ನಾನು ಹೇಳುವುದು. ಯಾಕೆಂದರೆ ನಿಮಗೆ ಬಿಲ್ ಬರದಿದ್ದರೂ ಆ 280 ಯೂನಿಟ್ ಎಲ್ಲಿಂದಲೋ ಬರಲೇಬೇಕು. ಅಜ್ಜಿ ಇದ್ದಾಗ ಹೇಳುತ್ತಿದ್ದಳಲ್ಲ, ಲಿಂಗನಮಕ್ಕಿಯ ನೀರು ಏರಿ ಬಂದಾಗ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು ಗಾಡಿ ಹತ್ತಿದೆವು ಎಂದು. 1964ರಲ್ಲಿ ಅಣೆಕಟ್ಟು ಮುಗಿಯಿತು. ಆ ನೀರಿಂದ ಶರಾವತಿಯ ವಿದ್ಯುದಾಗಾರದಲ್ಲಿ 1035 ಮೆಗಾವಾಟ್ ಹುಟ್ಟಿ ಊರೂರು ಬೆಳಗಿತು. ಮನೆ ಬಿಟ್ಟುಕೊಟ್ಟ ಅಜ್ಜಿ ಆಮೇಲೂ ಎಷ್ಟೋ ವರ್ಷ ಚಿಮಣಿ ಬುಡ್ಡಿಯಲ್ಲೇ ಅಮ್ಮನಿಗೆ ಅಕ್ಷರ ಕಲಿಸಿದಳು. ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದ ವರ್ಷ ಅದರಲ್ಲಿ ಮುಳುಗಿದ ಮಡೇನೂರಿನ ಹಳೆಯ ಅಣೆಕಟ್ಟು ಮೇಲೇಳುತ್ತದೆ ಎಂದು ಜನ ನೋಡಲು ಹೋಗುವಾಗ, ಅಮ್ಮ ಒಂದು ಸಲವೂ ಬರಲಿಲ್ಲ. ನನಗೆ ಯೂನಿಟ್ ಎಂದರೆ ಅದೇ ನೆನಪಾಗುತ್ತದೆ. ಈಗ ಮತ್ತೆ ತಲಕಳಲೆ, ಗೇರುಸೊಪ್ಪೆಗಳ ನಡುವಿನ ಕಾಡಿನಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ (ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟ್ ಮಾಡುವುದು) ಮಾಡುತ್ತೇವೆ ಅನ್ನುತ್ತಿದ್ದಾರೆ, ಸಂಜೆಯ ಬೇಡಿಕೆ ತುಂಬಲಿಕ್ಕೆ.

"ನಮ್ಮದು ನೀರಿನ ಕರೆಂಟು, ಹೊಗೆ ಎಲ್ಲಿದೆ" ಎಂದು ನೀವು ಕೇಳಬಹುದು. ತಂತಿಯೊಳಗೆ ಎಲ್ಲವೂ ಬೆರೆತೇ ಬರುತ್ತದೆ ಅಪ್ಪಯ್ಯ. ನಾವು ಉಳಿಸಿದ ನೀರು ಲಿಂಗನಮಕ್ಕಿಯಲ್ಲೇ ನಿಂತು ಇನ್ನೊಂದು ಸಂಜೆ ಬಳಕೆಗೆ ಬಂದರೆ, ಅಷ್ಟು ಕಲ್ಲಿದ್ದಲು ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ಉರಿಯುವುದು ತಪ್ಪುತ್ತದೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. 280 ಯೂನಿಟ್ಟಿಗೆ ವರ್ಷಕ್ಕೆ ಇನ್ನೂರು ಕಿಲೋದ ಹತ್ತಿರ. ಅಕ್ಕನ ಮನೆಯ ಟೆರೇಸಿನ ಮೇಲೆ ಬೂದಿ ಕೂರುವುದನ್ನು ನಾನೇ ಕಂಡಿದ್ದೇನೆ.

ಆದರೆ ಈ ಪುಣ್ಯವನ್ನೆಲ್ಲ ಒಂದೇ ದಿನದಲ್ಲಿ ಕಳೆದುಕೊಳ್ಳುವ ದಾರಿಯೂ ಇದೆ. ಹಳೆಯ ಫ್ರಿಜ್ಜಿನ ಹಿಂದಿನ ತಗಡಿನ ಫೋಟೋ ತಮ್ಮ ಕಳಿಸಿದ್ದ, ಅದರಲ್ಲಿ ಆರ್-134ಎ, 100 ಗ್ರಾಂ ಎಂದಿದೆ, ಒಳಗೆ ತಂಪು ಮಾಡುವ ಅನಿಲದ ಹೆಸರು ಅದು. ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 1430 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಗುಜರಿಯವನು ತಾಮ್ರದ ಆಸೆಗೆ ಪೈಪ್ ಕತ್ತರಿಸಿ ಬುಸ್ಸೆಂದು ಬಿಟ್ಟರೆ 143 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ ಆಯಿತು, ಅಂದರೆ ಇನ್ನೂರು ಯೂನಿಟ್ ಸುಟ್ಟ ಹಾಗೆ. ಎಕ್ಸ್‌ಚೇಂಜಿಗೆ ಕೊಟ್ಟರೆ ಅದನ್ನೇ ಒರೆಸಿ ಯಾವುದೋ ಹೋಟೆಲಿಗೆ ಮಾರುತ್ತಾರೆ, ಅಲ್ಲಿ ಇನ್ನೂ ಹತ್ತು ವರ್ಷ ಅದು ತಿಂಗಳಿಗೆ 36 ಯೂನಿಟ್ ತಿನ್ನುತ್ತಲೇ ಇರುತ್ತದೆ. ಅಡಿಕೆ ಮನೆಯಲ್ಲಿಟ್ಟು ಹಬ್ಬಕ್ಕೆ ಬಳಸುವಾ ಎಂದು ಅಮ್ಮ ಅಂದಳಂತೆ. ದಯವಿಟ್ಟು ಬೇಡ, ಆಗ ಎರಡೂ ಓಡುತ್ತವೆ.

ಹೊಸದು ಕೊಳ್ಳುವಾಗ ಹಿಂಬದಿಯಲ್ಲಿ ಆರ್-600ಎ ಎಂದು ಬರೆದಿದೆಯಾ ನೋಡಿ, ಈಗಿನವು ಹೆಚ್ಚಿನವು ಅದೇ. ನಮ್ಮ ಅಡುಗೆ ಗ್ಯಾಸಿನ ಜಾತಿಯದ್ದೇ ಅನಿಲ, ಭೂಮಿ ಬಿಸಿ ಮಾಡುವ ಗುಣ ತೀರ ಕಡಿಮೆ. ಇದರ ಹುಟ್ಟು ಇದೇ ದೇಶದಲ್ಲಿ. ಎರಡು ಜರ್ಮನಿ ಒಂದಾದ ಮೇಲೆ ಮುಚ್ಚುವ ಸ್ಥಿತಿಗೆ ಬಂದಿದ್ದ ಸ್ಯಾಕ್ಸನಿಯ ಒಂದು ಫ್ರಿಜ್ ಕಾರ್ಖಾನೆ, ಗ್ರೀನ್‌ಪೀಸ್ ಸಂಸ್ಥೆಯ ಒತ್ತಾಸೆಯಿಂದ 1993ರಲ್ಲಿ ಈ ಜಾತಿಯ ಅನಿಲದ ಫ್ರಿಜ್ ಮಾರುಕಟ್ಟೆಗೆ ತಂದಿತು. ಬೆಂಕಿ ಹತ್ತುತ್ತದೆ ಎಂದು ದೊಡ್ಡ ಕಂಪನಿಗಳು ಹೆದರಿಸಿದ್ದವು, ಕೊನೆಗೆ ಎಲ್ಲರೂ ಅದೇ ದಾರಿಗೆ ಬಂದರು. ಇಲ್ಲಿನ ಜನರ ಈ ಹಠ ನನಗೆ ತುಂಬ ಇಷ್ಟ.

ಹಾಗಾಗಿ ತಮ್ಮನಿಗೆ ಹೇಳಿ: ಹಳೆಯದನ್ನು ಮನೆಯಿಂದ ಹೊರಗೆ ಸಾಗಿಸುವ ಮೊದಲು ಫ್ರಿಜ್ ಮೆಕ್ಯಾನಿಕ್ಕನ್ನು ಕರೆಸಿ ಗ್ಯಾಸನ್ನು ಸಿಲಿಂಡರಿಗೆ ಇಳಿಸಿಕೊಳ್ಳಲು ಹೇಳಲಿ. ಗ್ಯಾಸಿಗೆ ಬೆಲೆಯಿದೆ, ಮತ್ತೊಂದು ಫ್ರಿಜ್ಜಿಗೆ ತುಂಬಲು ಬರುತ್ತದೆ ಅಂದರೆ ಅವನು ಒಪ್ಪಬಹುದು. ಒಪ್ಪದಿದ್ದರೆ ಶಿವಮೊಗ್ಗದಲ್ಲಿ ಇ-ತ್ಯಾಜ್ಯ ತೆಗೆದುಕೊಳ್ಳುವವರು ಯಾರೆಂದು ವಿಚಾರಿಸುವವರೆಗೆ ಕರೆಂಟ್ ಕೊಡದೆ ಜಗಲಿಯ ಮೂಲೆಯಲ್ಲಿ ಇಟ್ಟಿರಿ. ಖರ್ಚು ಏನು ಬಂದರೂ ನಾನು ಕಳಿಸುತ್ತೇನೆ. ಐದು ಸ್ಟಾರಿಗೆಂದು ಇಟ್ಟಿದ್ದ ಮೂರು ಸಾವಿರ ಸ್ಟೆಬಿಲೈಸರಿಗೆ ಹೋಗಲಿ.

ಹೊಸದು ಬಂದ ತಿಂಗಳು ಮತ್ತೆ ರಾತ್ರಿ ಹತ್ತಕ್ಕೂ ಬೆಳಗ್ಗೆ ಆರಕ್ಕೂ ಮೀಟರ್ ಓದಿ ನನಗೆ ಬರೆಯಿರಿ. ಅಮ್ಮನಿಗೆ ಮಂಡಿಗೆ ಹಚ್ಚುವ ಮುಲಾಮು ಬರುವವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಮುಗಿಯುತ್ತಾ ಬಂತು.

ಇತಿ,
ನಿಮ್ಮ ಪ್ರೀತಿಯ ಮಗಳು