ಶಾಸಕರೇ, ಒಂದು ಕೌಂಟರ್ ಕೆಳಗಿಳಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಿಮಗೆ ಕಾನೂನು ಹೇಳಿಕೊಡುವಷ್ಟು ದೊಡ್ಡವಳಲ್ಲ ನಾನು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, ನಿಯಮಗಳು ಬಂದಿದ್ದು 2017ರ ಜೂನ್‌ನಲ್ಲಿ. ಸರ್ಕಾರಿ ಕಟ್ಟಡಗಳನ್ನು ಅಂಗವಿಕಲರೂ ಓಡಾಡುವಂತೆ ಸರಿಪಡಿಸಲು ಕೊಟ್ಟ ಐದು ವರ್ಷ 2022ಕ್ಕೇ ಮುಗಿಯಿತು. ಇದೆಲ್ಲ ನಿಮಗೆ ಗೊತ್ತೇ ಇದೆ ಅಲ್ವಾ? ನಮ್ಮ ತಾಲ್ಲೂಕು ಕಚೇರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಮೆಟ್ಟಿಲು ಹತ್ತೋಕೆ ಆಗಲಿಲ್ಲವೋ ಏನೋ.

ನನಗೆ ಪೋಲಿಯೊ. ಕಾಲಿಗೆ ಆಸರೆಯ ಪಟ್ಟಿ (ಕ್ಯಾಲಿಪರ್) ಹಾಕಿ, ಊರುಗೋಲು ಹಿಡಿದು ನಡೆಯುತ್ತೇನೆ. ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ ಎಲ್ಲವೂ ಮೊದಲ ಮಹಡಿಯಲ್ಲಿ. ಕೈ ಹಿಡಿಯಲು ಕಂಬಿಯೂ ಇಲ್ಲ. ಕೆಳಗೊಂದು ರ‍್ಯಾಂಪ್ ಇದೆ, ಅದು ಸಿಬ್ಬಂದಿಯ ಬೈಕ್ ನಿಲ್ಲಿಸೋ ಜಾಗ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಇದು ಜಾರುಬಂಡಿ ಥರ ಇದೆ, ಬೈಕ್ ತೆಗೆದರೂ ಉಪಯೋಗವಿಲ್ಲ.

ಹೋದ ಸಲ ಪಿಂಚಣಿಗೆ ಹೆಬ್ಬೆಟ್ಟು ಒತ್ತಬೇಕಿತ್ತು. ಮೆಷಿನ್ ಕೆಳಗೆ ತನ್ನಿ ಎಂದು ಕೇಳಿದೆ. ವೈರು ಸಾಲಲ್ಲ ಅಂದರು. ಕೊನೆಗೆ ಯಾರೋ ಇಬ್ಬರು ಗುರುತಿಲ್ಲದ ಗಂಡಸರು ನನ್ನನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿದರು. ಅವರಿಗೆ ಪುಣ್ಯ ಬರಲಿ. ಆದರೆ ಕುರ್ಚಿ ವಾಲಿದಾಗ ನಾನು ಒಂದು ಕೈಲಿ ಸೆರಗು, ಇನ್ನೊಂದು ಕೈಲಿ ಪಕ್ಕದವರ ಕಾಲರ್ ಹಿಡಿದುಕೊಂಡಿದ್ದೆ. ಸಾಲಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಮೇಲೆ ಹೋದರೆ ಗುಮಾಸ್ತರು ತಲೆಯೂ ಎತ್ತದೆ ಹೇಳಿದರು: "ಸರ್ವರ್ ಡೌನು, ನಾಳೆ ಬನ್ನಿ."

ನಾಳೆ ಬನ್ನಿ! ಬಾಯಿಗೆ ಬಂದಿದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಕೌಂಟರ್ ಕೆಳಗಿಳಿಸಿ ಸ್ವಾಮಿ. ನಮಗೆ ಮಾಡೋ ಉಪಕಾರ ಅಂದುಕೊಳ್ಳಬೇಡಿ, ಕಚೇರಿಗೇ ಜಾಸ್ತಿ ಲಾಭ. ಹತ್ತಲಾಗದವರು ಈಗ ಬ್ರೋಕರ್ ಹಿಡಿಯುತ್ತಾರೆ, ಕೆಟ್ಟ ಹೆಸರು ಕಚೇರಿಗೆ. ಒಬ್ಬ ಅಜ್ಜಿಯ ಜೊತೆ ಇಬ್ಬರು ಮೇಲೆ ಬರುತ್ತಾರೆ, ಗಲಾಟೆ ನಿಮ್ಮ ಸಿಬ್ಬಂದಿಗೆ. ಬಸುರಿಯರು, ಮಂಡಿನೋವಿನವರು, ಮಗು ಎತ್ತಿಕೊಂಡವರು ಎಲ್ಲರೂ ಕೆಳಗೇ ಕೆಲಸ ಮುಗಿಸಿ ಹೋಗಬಹುದು. ಅಂಗವಿಕಲರ ಮೀಸಲಾತಿಯಲ್ಲಿ ಬಂದಿದ್ದ ಒಬ್ಬ ಒಳ್ಳೆಯ ಗುಮಾಸ್ತರು ಇದೇ ಮೆಟ್ಟಿಲಿಗೆ ಸೋತು ವರ್ಗಾವಣೆ ತಗೊಂಡು ಹೋದರು. ಅವರ ಕುರ್ಚಿ ಇನ್ನೂ ಖಾಲಿ, ಕಡತಗಳು ರಾಶಿ ಬಿದ್ದಿವೆ. ನಷ್ಟ ಯಾರದು?

2023ರ ಚುನಾವಣೆಯಲ್ಲಿ ನಮ್ಮಂಥವರ ಮನೆಗೇ ಬಂದು ವೋಟು ಹಾಕಿಸಿಕೊಂಡರು. ಸಂತೋಷ. ಮತಪೆಟ್ಟಿಗೆ ಹಳ್ಳಿ ಹಳ್ಳಿ ಸುತ್ತಬಹುದು, ಕೌಂಟರ್ ಮಾತ್ರ ಒಂದು ಮಹಡಿ ಇಳಿಯಲ್ಲ ಅಂದರೆ ಹೇಗೆ?

ಲಿಫ್ಟ್ ಕೇಳುತ್ತಿಲ್ಲ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯಂತೂ ಬೇಡವೇ ಬೇಡ. ಕೆಳಗಿನ ಹಳೇ ಕಡತದ ಕೋಣೆ ಖಾಲಿ ಮಾಡಿಸಿ, ಒಂದು ಮೇಜು, ಒಂದು ಮೆಷಿನ್, ಉದ್ದನೆಯ ವೈರು ಹಾಕಿಸಿ. ತಾಲ್ಲೂಕಿನ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ತಹಶೀಲ್ದಾರರಿಗೆ ನೀವು ಒಂದು ಮಾತು ಹೇಳಿದರೆ ಆಗುವ ಕೆಲಸ. ಆಗದಿದ್ದರೆ ಬೆಂಗಳೂರಿನ ಅಂಗವಿಕಲರ ಆಯುಕ್ತರಿಗೆ ದೂರು ಕೊಡುತ್ತೇನೆ. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ ಹತ್ತು ಸಾವಿರದವರೆಗೆ ದಂಡ ಇದೆ. ಅಷ್ಟು ದುಡ್ಡಿಗೆ ಮೇಜೂ ಬರುತ್ತೆ, ವೈರೂ ಬರುತ್ತೆ.

ಕೌಂಟರ್ ಕೆಳಗಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು