ವಾಲಿದ ಮನೆಯಲ್ಲಿ ಎರಡು ರಾತ್ರಿ

ಪ್ರೀತಿಯ ಅಪ್ಪ, ಅಮ್ಮನಿಗೆ,

ಮೊನ್ನೆ ಫೋನಿನಲ್ಲಿ ಅಮ್ಮ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಹೊಸ ಹೋಟೆಲು ಬಿಟ್ಟು, ಬೀಳೋ ಹಾಗಿರೋ ಮನೆಗೆ ದುಡ್ಡು ಕೊಟ್ಟು ಹೋಗ್ತೀಯಲ್ಲೇ, ನಿನಗೇನು ಹುಚ್ಚಾ?" ಆಗ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಎರಡು ರಾತ್ರಿ ಉಳಿದದ್ದು ಇಂಗ್ಲೆಂಡಿನ ಸಸೆಕ್ಸ್ ಕಡೆಯ ಒಂದು ಹಳೇ ಇನ್‌ನಲ್ಲಿ, ಅಂದರೆ ಪ್ರಯಾಣಿಕರಿಗೆ ಊಟ, ವಸತಿ ಕೊಡುವ ಮನೆಯಲ್ಲಿ. ಕೋಣೆಯಲ್ಲಿ ನೆಟ್ಟಗಿರುವುದು ಅಂತ ಒಂದೂ ಇರಲಿಲ್ಲ. ಮೇಜಿನ ಮೇಲಿಟ್ಟ ಪೆನ್ಸಿಲ್ ತಾನಾಗಿಯೇ ಉರುಳಿ ಬಿತ್ತು. ಬಿದ್ದ ಮೇಲೂ ನಿಲ್ಲದೆ ಉರುಳುತ್ತಾ ಹೋಗಿ ಕಿಟಕಿ ಕೆಳಗಿನ ಗೋಡೆಗೆ ತಾಗಿ ನಿಂತಿತು. ಮಂಚದ ಎರಡು ಕಾಲಿಗೆ ಮರದ ತುಂಡು ಕೊಟ್ಟು ಸಮ ಮಾಡಿದ್ದರು. ರಾತ್ರಿ ಬಚ್ಚಲಿಗೆ ಹೋಗುವಾಗ ಬಗ್ಗಲು ಮರೆತೆ. ಬಾಗಿಲ ಮೇಲಿನ ತೊಲೆ ಬಡಿದು ಹಣೆಯಲ್ಲಿ ಬುಗುಟೆ ಎದ್ದಿತು. ಈಗ ಇಳಿದಿದೆ, ಅಮ್ಮ, ಗಾಬರಿಯಾಗಬೇಡ.

ಈ ವಾಲುವಿಕೆಗೆ ಕಾರಣವಿದೆ. ಆಗಿನ ಬಡಗಿಗಳು ಓಕ್ ಮರ ಹಸಿಯಾಗಿರುವಾಗಲೇ ಚೌಕಟ್ಟು ಕಟ್ಟುತ್ತಿದ್ದರು. ಒಣಗಿದ ಓಕ್ ತುಂಬಾ ಗಟ್ಟಿ, ಉಳಿ ಇಳಿಯುವುದು ಕಷ್ಟ. ಮನೆ ಎದ್ದ ಮೇಲೆ ಮರ ನಿಧಾನವಾಗಿ ಒಣಗಿ, ಕುಗ್ಗಿ, ತಿರುಚಿಕೊಳ್ಳುತ್ತದೆ. ಕೀಲುಗಳಿಗೆ ಹೊಡೆದಿರುವುದೂ ಮರದ ಗೂಟವೇ. ಹಾಗಾಗಿ ಮನೆ ಬಿರಿಯದೆ ಮರದ ಜೊತೆಗೇ ಬಾಗಿದೆ. ವಾಲಬೇಕಾದಷ್ಟು ನಾವು ಹುಟ್ಟುವ ಮೊದಲೇ ವಾಲಿ ಆಗಿದೆ, ಅಲ್ವಾ? ನಾನಂತೂ ಎರಡು ರಾತ್ರಿಯೂ ಗಡದ್ದಾಗಿ ನಿದ್ದೆ ಮಾಡಿದೆ.

ಮಧ್ಯೆ ಒಂದು ದಿನ ರೈ ಎಂಬ ಊರಿನ ಮರ್ಮೇಯ್ಡ್ ಇನ್ ನೋಡಲು ಹೋಗಿದ್ದೆ. ಉರುಟು ಕಲ್ಲು ಹಾಸಿದ ಏರು ಬೀದಿಯಲ್ಲಿದೆ. 1377ರಲ್ಲಿ ಫ್ರೆಂಚರು ಬಂದು ಊರಿಗೇ ಬೆಂಕಿ ಇಟ್ಟಿದ್ದರು. ಇನ್‌ನ ನೆಲಮಾಳಿಗೆ 1156ರದು ಎನ್ನುತ್ತಾರೆ. ಮೇಲಿನದನ್ನು 1420ರಲ್ಲಿ ಮತ್ತೆ ಕಟ್ಟಿದ್ದು. ಅಂದರೆ ಇಲ್ಲಿ "ಹೊಸ ಕಟ್ಟಡ" ಅಂದರೇ ಆರುನೂರು ವರ್ಷ! 1740ರ ಸುಮಾರಿಗೆ ಹಾಕ್‌ಹರ್ಸ್ಟ್ ಗ್ಯಾಂಗಿನ ಕಳ್ಳಸಾಗಣೆಯವರು ಗುಂಡು ತುಂಬಿದ ಪಿಸ್ತೂಲುಗಳನ್ನು ಮೇಜಿನ ಮೇಲಿಟ್ಟುಕೊಂಡು ಇಲ್ಲಿ ಕುಡಿಯುತ್ತಿದ್ದರಂತೆ. ಪಾಪ, ಅವರ ಹತ್ತಿರ ದುಡ್ಡು ಕೇಳಲು ಯಾರು ಹೋಗುತ್ತಿದ್ದರೋ.

ಕೋಟೆ ಹೋಟೆಲಿನ ಫೋಟೋ ಕಳಿಸಿದ್ದೆನಲ್ಲ, ಅದು ಬ್ರಿಸ್ಟಲ್ ಹತ್ತಿರದ ಥಾರ್ನ್‌ಬರಿ. ಬಕಿಂಗ್‌ಹ್ಯಾಮ್ ಡ್ಯೂಕ್ ಅದನ್ನು ಕಟ್ಟಿಸುತ್ತಿದ್ದ. ಕೆಲಸ ಮುಗಿಯುವ ಮೊದಲೇ, 1521ರಲ್ಲಿ, ರಾಜದ್ರೋಹ ಹೊರಿಸಿ ರಾಜ ಎಂಟನೇ ಹೆನ್ರಿ ಅವನ ತಲೆ ತೆಗೆಸಿದ. ಕೋಟೆಯನ್ನೂ ತಾನೇ ಇಟ್ಟುಕೊಂಡ. 1535ರಲ್ಲಿ ಹೆಂಡತಿ ಆನ್ ಬೊಲಿನ್ ಜೊತೆ ಬಂದು ತಂಗಿದ್ದ. ಮರುವರ್ಷ ಅವಳ ತಲೆಯೂ ಹೋಯಿತು. ಫೋಟೋದಲ್ಲಿ ಗೋಡೆಗಳು ಅರ್ಧಕ್ಕೇ ನಿಂತಿವೆ ಯಾಕೆ ಅಂತ ಅಪ್ಪ ಕೇಳಿದ್ದರಲ್ಲ, ಅದಕ್ಕೇ. ಕಟ್ಟಿಸುವವನೇ ಹೋದ ಮೇಲೆ ಅವು ಹಾಗೇ ಉಳಿದವು.

ಅಲ್ಲಿನ ಮಂಚಗಳಿಗೆ ನಾಲ್ಕು ಕಂಬ, ಸುತ್ತ ದಪ್ಪ ಪರದೆ. ಶೋಕಿಗೆ ಅಂದುಕೊಂಡಿದ್ದೆ. ಆದರೆ ಮೊದಲಿಗೆ ಅದು ಬಂದದ್ದು ಚಳಿಗಾಳಿ ತಡೆಯಲು. ಆಳುಗಳೂ ಎಷ್ಟೋ ಸಲ ಅದೇ ಕೋಣೆಯಲ್ಲಿ ಮಲಗುತ್ತಿದ್ದರು, ಹಾಗಾಗಿ ಮರೆಯೂ ಬೇಕಿತ್ತು. ಕೋಟೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಗಟ್ಟಿಯಾಗಿ ಕೆಮ್ಮಲೂ ಸಂಕೋಚ ನನಗೆ. ವಾಲಿದ ಇನ್‌ನಲ್ಲಿ ಬೆಂಕಿಯ ಮುಂದೆ ಕಾಲು ಚಾಚಿ ಕೂತರೆ ಯಾರೂ ಏನೂ ಅನ್ನುವುದಿಲ್ಲ.

ಬೇಸಿಗೆಯಲ್ಲಿ ನೀವು ಬಂದಾಗ ಅಲ್ಲಿಗೇ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಒಂದೇ ತೊಂದರೆ, ಲಿಫ್ಟ್ ಇಲ್ಲ. ಇಂಥ ಸಂರಕ್ಷಿತ ಕಟ್ಟಡಗಳ ಸ್ವರೂಪವನ್ನು ಅನುಮತಿ ಇಲ್ಲದೆ ಬದಲಿಸುವಂತಿಲ್ಲ. ಮೆಟ್ಟಿಲೂ ಕಿರಿದು, ಕಡಿದು. ಅಪ್ಪನ ಮಂಡಿ ನೋವು ಈಗ ಹೇಗಿದೆ, ಮುಚ್ಚಿಡದೆ ಬರೆಯಿರಿ. ಕೆಳಗೆ ಇರುವುದು ಒಂದೇ ಕೋಣೆ, ಈಗಲೇ ಹೇಳಿಡಬೇಕು.

ನಿಮ್ಮ ಪ್ರೀತಿಯ ಮಗಳು