ಕಾಲುವೆ ದೋಣಿಯ ಬಣ್ಣ: ಸಾಗರದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಇಲ್ಲಿಯ ಕಾಲುವೆ ದೋಣಿಗಳ ರೀತಿಯಲ್ಲಿ ಬಣ್ಣ ಬಳಿದು ನಾನು ಮಾಡಿದ ಸ್ಟೂಲಿನ ಫೋಟೊ ನೋಡಿ ನೀನು ಬರೆದದ್ದು ಓದಿದೆ. "ಕೆಲಸ ಚೊಕ್ಕ ಇದೆ, ಆದರೆ ಮರದ ಎಳೆಯೇ ಕಾಣದ ಹಾಗೆ ಅಷ್ಟೊಂದು ಬಣ್ಣ ಯಾಕೆ ಬಳಿದೆ ಮಾರಾಯ?" ಅಂತ ಕೇಳಿದ್ದೀಯ. ಹಲಸು, ಹೊನ್ನೆ, ಬೀಟೆಯ ಎಳೆ ನೋಡಿಯೇ ಹಲಗೆ ಆರಿಸುವವನು ನೀನು. ಗುಡಿಗಾರರ ಕೆತ್ತನೆ ನೋಡುತ್ತ ಬೆಳೆದವನು. ಕೇಳದೇ ಇದ್ದಿದ್ದರೇ ಆಶ್ಚರ್ಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮರಗೆಲಸ ಪ್ರೀತಿಸುವ ಉಳಿದವರೂ ಓದಲಿ ಎಂದು ಇಲ್ಲಿಯೇ ಹಾಕುತ್ತಿದ್ದೇನೆ.

ನಾನಿರುವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಿನ ಕಾಲುವೆಗಳು ನಮ್ಮೂರ ಕಡೆಯವುಗಳ ಹಾಗೆ ಗದ್ದೆಗೆ ನೀರು ಹಾಯಿಸಲು ತೋಡಿದವಲ್ಲ, ಸರಕು ಸಾಗಿಸಲು ತೋಡಿದವು. 1761ರಲ್ಲಿ ವರ್ಸ್‌ಲಿಯ ಗಣಿಯಿಂದ ಮ್ಯಾಂಚೆಸ್ಟರ್ ಕಡೆಗೆ ಕಲ್ಲಿದ್ದಲು ಒಯ್ಯಲು ಬ್ರಿಜ್‌ವಾಟರ್ ಕಾಲುವೆ ತೆರೆಯಿತು. ಅದರ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಮುಂದೆ ಟ್ರೆಂಟ್ ಅಂಡ್ ಮರ್ಸಿ ಕಾಲುವೆ ಕಟ್ಟುವಾಗ, ದೋಣಿಗಳನ್ನು ಏರಿಸಿ ಇಳಿಸುವ ಲಾಕ್‌ಗಳಿಗೆ ಸುಮಾರು 7 ಅಡಿ ಅಗಲ, 72 ಅಡಿ ಉದ್ದ ಎಂಬ ಲೆಕ್ಕ ಹಿಡಿದ. ದೋಣಿಗಳೂ ಅದೇ ಅಳತೆಗೆ ಬಂದವು: ಉದ್ದಕ್ಕೆ, ಸಪೂರಕ್ಕೆ. ಒಂದು ಕುದುರೆ ದಂಡೆಯ ಮೇಲೆ ನಡೆಯುತ್ತ ಅಂಥ ದೋಣಿಯಲ್ಲಿ 25–30 ಟನ್ ಕಲ್ಲಿದ್ದಲನ್ನು ಎಳೆಯುತ್ತಿತ್ತು.

ಆಮೇಲೆ ರೈಲು ಬಂತು. ದೋಣಿಯ ಸರಕು ಸಾಗಣೆಗೆ ಸಿಗುವ ಬಾಡಿಗೆ ಇಳಿಯಿತು. ಕೂಲಿ ಕೊಟ್ಟು ಆಳು ಇಟ್ಟುಕೊಳ್ಳುವ ಬದಲು ದೋಣಿಯವರು ಹೆಂಡತಿ ಮಕ್ಕಳನ್ನೇ ದೋಣಿಗೆ ಕರೆತಂದರು. ಹಿಂಬದಿಯಲ್ಲಿ ಸುಮಾರು 10 ಅಡಿ ಉದ್ದದ, 7 ಅಡಿಯೂ ಅಗಲವಿಲ್ಲದ ಒಂದು ಮರದ ಕ್ಯಾಬಿನ್. ಅಡುಗೆ, ಊಟ, ಬಾಣಂತನ, ನಿದ್ದೆ ಎಲ್ಲ ಅದರೊಳಗೇ. ಕಡೆಗೆ ಸರಕಾರವೇ 1877 ಮತ್ತು 1884ರಲ್ಲಿ ಕಾಯಿದೆ ತಂದು, ಈ ದೋಣಿಗಳನ್ನು ಮನೆಗಳೆಂದು ನೋಂದಾಯಿಸಿ ತಪಾಸಣೆ ಮಾಡಿಸಬೇಕಾಯಿತು. ಮುಂದಿನ ಮಾತೆಲ್ಲ ಈ ಕೋಣೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಓದು.

ಬಡಗಿಯಾಗಿ ನೀನು ಆ ಕ್ಯಾಬಿನ್ ಒಳಗೆ ಒಮ್ಮೆ ಕೂರಬೇಕು. ಮಂಚ ಅಡ್ಡಕ್ಕಿರುತ್ತದೆ, ಹಗಲು ಮಡಚಿದರೆ ಗೋಡೆಯ ಬೀರು. ಮೆಟ್ಟಿಲು ಅಂದರೆ ಕಲ್ಲಿದ್ದಲಿನ ಪೆಟ್ಟಿಗೆಯೇ, ಅದರ ಮೇಲೆ ಕಾಲಿಟ್ಟು ಒಳಗಿಳಿಯಬೇಕು. ಒಲೆಯ ಪಕ್ಕದ ಬೀರುವಿನ ಬಾಗಿಲಿಗೆ ಕೀಲು ಕೆಳಗಡೆ ಇರುತ್ತದೆ. ಇಳಿಸಿದರೆ ಅದು ಊಟದ ಮೇಜು, ಎತ್ತಿ ಮುಚ್ಚಿದರೆ ಅದರ ಹೊರಮುಖದ ಮೇಲೆ ಒಂದು ಕೋಟೆಯ ಚಿತ್ರ. ಅಂದರೆ ತಟ್ಟೆ ಇಡುವ ಮುಖ ಬೇರೆ, ಕಣ್ಣಿಗೆ ಬೀಳುವ ಮುಖ ಬೇರೆ. ಬಡಗಿಯ ಯೋಚನೆ ಮತ್ತು ಚಿತ್ರಗಾರನ ಯೋಚನೆ ಒಂದೇ ಕೀಲಿನ ಮೇಲೆ ತಿರುಗುವುದನ್ನು ನಾನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಇನ್ನು ಮರ. ದೋಣಿಯ ಪಕ್ಕದ ಹಲಗೆ ಓಕ್, ಹಬೆಯಲ್ಲಿ ಬೇಯಿಸಿ ಬಗ್ಗಿಸಿದ್ದು. ತಳಕ್ಕೆ ಎಲ್ಮ್, ಯಾಕೆಂದರೆ ಸದಾ ನೀರಿನಲ್ಲೇ ಇದ್ದರೆ ಅದು ಕೊಳೆಯುವುದಿಲ್ಲ. ಸಂದುಗಳಿಗೆ ನಾರು ತುರುಕಿ, ಮೇಲೆ ಡಾಂಬರು, ದನದ ಕೂದಲು, ಕುದುರೆ ಲದ್ದಿ ಸೇರಿಸಿ ಕಾಯಿಸಿದ ಲೇಪ ಬಳಿಯುತ್ತಿದ್ದರು. ಅದಕ್ಕೆ ಚಾಲಿಕೊ ಅಂತ ಹೆಸರು. ಆದರೆ ಕ್ಯಾಬಿನ್ನಿನ ಒಳಗೆಲ್ಲ ಸಾಧಾರಣ ಪೈನ್ ಹಲಗೆ. ಗಂಟುಗಂಟಾದ ಮರ. ಅದರ ಮೇಲೆ ಕಂದು ಬಣ್ಣ ಬಳಿದು, ಹಸಿಯಿರುವಾಗಲೇ ಬಾಚಣಿಗೆ ಎಳೆದು ಓಕಿನ ಎಳೆ ಮೂಡಿಸುತ್ತಿದ್ದರು. ನೀನು ಹೇಳುವ ಮರದ ಎಳೆಯ ಮೇಲಿನ ಆಸೆ ಅವರಿಗೂ ಇತ್ತು ನೋಡು. ದುಬಾರಿ ಮರವನ್ನು ಬಣ್ಣದಿಂದ ಮುಚ್ಚಿದವರಲ್ಲ ಅವರು. ಅಗ್ಗದ ಮರಕ್ಕೆ, ಮಳೆ ಹೊಗೆ ಕಲ್ಲಿದ್ದಲಿನ ದೂಳಿನ ನಡುವೆ ಬಾಳಬೇಕಾದ ಮರಕ್ಕೆ, ಒಂದು ಅಂಗಿ ತೊಡಿಸಿದರು.

ಆ ಅಂಗಿಯ ಮೇಲೆ ಬಂದದ್ದೇ ಗುಲಾಬಿ ಮತ್ತು ಕೋಟೆ. ಇಲ್ಲಿ ಈ ಕಲೆಗೆ ರೋಸಸ್ ಅಂಡ್ ಕ್ಯಾಸಲ್ಸ್ ಎಂದೇ ಹೆಸರು. 1858ರಲ್ಲಿ, ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ವಾರಪತ್ರಿಕೆಯಲ್ಲಿ ಇಂಥ ದೋಣಿಯ ಚಿತ್ರಗಳ ವರ್ಣನೆ ಬಂದಿದೆ. ಆ ಹೊತ್ತಿಗಾಗಲೇ ಇದು ಬೇರೂರಿತ್ತು. ಎಲ್ಲಿಂದ ಬಂತು ಅನ್ನುವುದಕ್ಕೆ ಹಾಲೆಂಡ್, ಜರ್ಮನಿ, ರೊಮಾನಿ ಜನ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಅಷ್ಟು ದೂರ ಹೋಗಬೇಕು ಅನ್ನಿಸುವುದಿಲ್ಲ. ವುಲ್ವರ್‌ಹ್ಯಾಂಪ್ಟನ್, ಬಿಲ್‌ಸ್ಟನ್‌ಗಳಲ್ಲಿ ಆಗ ಕಪ್ಪು ಮೆರುಗಿನ ತಗಡಿನ ತಟ್ಟೆ, ಟ್ರೇಗಳ ಮೇಲೆ ಹೂವು, ನಿಸರ್ಗದೃಶ್ಯ ಬರೆಯುವ ಕಾರ್ಖಾನೆಗಳಿದ್ದವು. ಕಾಲುವೆ ಆ ಊರುಗಳ ನಡುವೆಯೇ ಹರಿಯುತ್ತದೆ. ಆ ಕುಂಚದ ಕೈ ದೋಣಿ ಕಟ್ಟುವ, ದುರಸ್ತಿ ಮಾಡುವ ದೋಣಿಕಟ್ಟೆಗೆ ಬರಲು ಬಹಳ ದಾರಿ ನಡೆಯಬೇಕಿರಲಿಲ್ಲ.

ನಾನು ಕಲಿತ ಬಗೆಯನ್ನು ಹೇಳುತ್ತೇನೆ. ಹಿನ್ನೆಲೆ ಕಪ್ಪು ಅಥವಾ ಗಾಢ ಹಸಿರು. ಅದರ ಮೇಲೆ ಮೊದಲು ಎಲೆಗಳು, ನಡುಹಸಿರಿನಲ್ಲಿ. ಎಲೆಗಳ ನಡುವೆ ಬರೀ ದುಂಡು ಬಿಲ್ಲೆಗಳು: ಕೆಂಪು ಗುಲಾಬಿಗೆ ಕಪ್ಪುಗೆಂಪು, ಹಳದಿಗೆ ಕಂದುಗಿತ್ತಳೆ, ಬಿಳಿಗೆ ನಸುಗೆಂಪು. ಈ ಹಂತದಲ್ಲಿ ಅದು ಹೂವಿನ ಹಾಗೆ ಕಾಣುವುದೇ ಇಲ್ಲ. ಪೂರ್ತಿ ಒಣಗಲು ಬಿಡಬೇಕು. ಆಮೇಲೆ ಉದ್ದ ಕೂದಲಿನ ಕುಂಚದಲ್ಲಿ ಎನಾಮೆಲ್ ತುಂಬಿಕೊಂಡು ಒಂದೊಂದು ದಳಕ್ಕೆ ಒಂದೊಂದೇ ಎಳೆತ. ಕುಂಚ ಒತ್ತಿದಲ್ಲಿ ದಳ ಅಗಲವಾಗುತ್ತದೆ, ಎತ್ತುತ್ತ ಬಂದಂತೆ ಬಾಲ ಸಪೂರವಾಗುತ್ತದೆ. ತಿದ್ದುವ ಹಾಗಿಲ್ಲ, ತಿದ್ದಿದರೆ ಕೆಸರು. ಕೊನೆಗೆ ಎಲೆಗೆ ಹಳದಿ ನರಗಳು, ಮೇಲೆ ವಾರ್ನಿಷ್.

ಒಂದೇ ಎಳೆತ ಯಾಕೆ ಅಂದರೆ, ಅವಸರ ಇತ್ತು. ದುರಸ್ತಿಗೆ ದೋಣಿ ಕಟ್ಟೆ ಏರಿತೆಂದರೆ ಆ ಕುಟುಂಬದ ದುಡಿಮೆ ನಿಂತಿತು. ಬಡಗಿ ಹಲಗೆ ಬದಲಿಸಿ ಮುಗಿಸುವ ಹೊತ್ತಿಗೆ ಚಿತ್ರಗಾರನೂ ಬಾಗಿಲು, ನೀರಿನ ಕ್ಯಾನು, ಸ್ಟೂಲು, ಕುದುರೆಯ ಮೇವಿನ ಡಬ್ಬಿ ಎಲ್ಲ ಮುಗಿಸಬೇಕು. ಆ ವೇಗವೇ ಶೈಲಿಯಾಯಿತು. ಆದರೂ ಕೈಗುರುತು ಅಳಿಯಲಿಲ್ಲ. ಬ್ರಾನ್‌ಸ್ಟನ್‌ನ ಫ್ರಾಂಕ್ ನರ್ಸರ್ ಬರೆದ ಗುಲಾಬಿಯೇ ಬೇರೆ, ಸ್ಟೋಕ್ ಕಡೆಯ ಬಿಲ್ ಹಾಜ್‌ಸನ್ ಬರೆದದ್ದೇ ಬೇರೆ. ಬಲ್ಲವರು ದಳದ ತಿರುವು ನೋಡಿ ಯಾವ ಕಟ್ಟೆಯ ಕೆಲಸ ಅಂತ ಹೇಳುತ್ತಾರೆ.

ಕೋಟೆಯ ಚಿತ್ರದಲ್ಲಿ ಕೆಂಪು ಮಾಡಿನ ಗೋಪುರ, ಕೆರೆ, ಒಂದು ಸೇತುವೆ, ಹಿಂದೆ ಗುಡ್ಡ ಇರುತ್ತವೆ. ಯಾವ ಊರಿನದೂ ಅಲ್ಲದ ಕೋಟೆ. ಕ್ಯಾಬಿನ್ನಿನ ಹಿಂಬಾಗಿಲ ಒಳಮುಖದಲ್ಲಿ ಸಾಮಾನ್ಯವಾಗಿ ಮೇಲಿನ ಅಂಕಣಕ್ಕೆ ಕೋಟೆ, ಕೆಳಗಿನದಕ್ಕೆ ಗುಲಾಬಿ. ಹಗಲು ಬಾಗಿಲು ಹೊರಕ್ಕೆ ತೆರೆದಿರುವುದರಿಂದ ಒಳಮುಖವೇ ದಂಡೆಯವರ ಕಣ್ಣಿಗೆ ಬೀಳುವುದು. ಚುಕ್ಕಾಣಿಯ ಹಿಡಿಗೆ ಸುರುಳಿ ಪಟ್ಟೆ. ಹಲಗೆಯ ಅಂಚು ಎಲ್ಲಿ ಕೀಸಿದೆಯೋ ಅಲ್ಲೊಂದು ಬಣ್ಣದ ಗೆರೆ. ಖಾಲಿ ಜಾಗ ಸಿಕ್ಕಿತು ಅಂತ ಯಾರೂ ಹೂ ತುಂಬಲಿಲ್ಲ. ಚೌಕಟ್ಟು ಎಲ್ಲಿ ನಿಲ್ಲುತ್ತದೋ ಚಿತ್ರ ಅಲ್ಲಿ ನಿಲ್ಲುತ್ತದೆ.

ನಿನ್ನ ಊರಿನದೇ ಉದಾಹರಣೆ ಕೊಡುತ್ತೇನೆ. ಭೂಮಿ ಹುಣ್ಣಿಮೆಗೆ ದೀವರ ಹೆಂಗಸರು ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆದು ಭೂಮಣ್ಣಿ ಬುಟ್ಟಿ ಸಿಂಗರಿಸುತ್ತಾರಲ್ಲ? ಅದನ್ನು ನೋಡಿ ಬೆತ್ತದ ಹೆಣಿಗೆ ಮುಚ್ಚಿಹೋಯಿತು ಅಂತ ನೀನು ಯಾವತ್ತೂ ಹೇಳಿಲ್ಲ. ಅದು ಎಡೆ ಹೊತ್ತು ಗದ್ದೆಗೆ ಹೋಗುವ ಬುಟ್ಟಿ. ದೋಣಿಯ ನೀರಿನ ಕ್ಯಾನೂ ಹಾಗೆಯೇ. ದಿನವೂ ಕೈಯಲ್ಲಿ ಹಿಡಿದು, ಮಳೆಯಲ್ಲಿ ನೆನೆದು, ಸವೆದು, ಮತ್ತೆ ಕಟ್ಟೆಗೆ ಬಂದಾಗ ಹೊಸ ಹೂ ಪಡೆಯುವ ವಸ್ತು ಅದು.

ಈಗಿನವರಲ್ಲಿ ನನಗೆ ಒಪ್ಪಿಗೆಯಾಗದ್ದು ಇದೇ. 1948ರಲ್ಲಿ ಕಾಲುವೆಗಳು ರಾಷ್ಟ್ರೀಕರಣವಾದ ಮೇಲೆ ಸರಕಾರಿ ದೋಣಿಗಳಿಗೆ ನೀಲಿ–ಹಳದಿ ಬಣ್ಣ ಬಂತು. 1962–63ರ ಚಳಿಗಾಲದಲ್ಲಿ ಕಾಲುವೆಗಳೇ ಹೆಪ್ಪುಗಟ್ಟಿ ಉಳಿದ ಸಾಗಣೆಯ ಬೆನ್ನೂ ಮುರಿಯಿತು. ಕಲೆ ಸಾಯಲಿಲ್ಲ, ಸಂತೋಷ. ಆದರೆ ಬಹಳಷ್ಟು ಕಡೆ ಅದು ಗೋಡೆಗೆ ನೇತುಹಾಕುವ ಫಲಕವಾಯಿತು, ಯಾರೂ ನೀರು ತುಂಬದ ಕ್ಯಾನಾಯಿತು. ಕೂರದ ಸ್ಟೂಲಿನ ಮೇಲೆ ಎಷ್ಟು ಚೆಂದದ ಗುಲಾಬಿ ಬರೆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ನನ್ನ ಸ್ಟೂಲನ್ನು ಅಡುಗೆಮನೆಯಲ್ಲಿಟ್ಟಿದ್ದೇನೆ. ನಡುವಿನ ಹೂವು ಆಗಲೇ ಮಾಸುತ್ತಿದೆ, ಮತ್ತೆ ಬರೆಯುತ್ತೇನೆ.

ನೀನೂ ಒಂದು ಮಾಡು. ತೇಗ, ಹಲಸು ಮುಟ್ಟಬೇಡ, ಅವುಗಳ ಎಳೆ ನಿನ್ನ ಮಾತಿನಂತೆ ಕಾಣಬೇಕಾದದ್ದೇ. ಯಂತ್ರಗಳ ಜೊತೆ ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಸಿಕ್ಕರೆ ಅದು ಸಾಕು. ಮೇಲೊಂದು ಹಲಗೆ, ಎರಡು ಬದಿಗೆ ಹಲಗೆಯದೇ ಕಾಲು, ಹೊರಕ್ಕೆ ಸ್ವಲ್ಪ ಓರೆ. ಮೇಲಿನ ಹಲಗೆಯ ನಡುವೆ ಕೈ ತೂರುವಷ್ಟು ಉದ್ದ ತೂತು, ಹೂವು ಅದರ ಎರಡೂ ಕಡೆಗೆ. ಅಂಚುಗಳನ್ನು ಕೀಸಿ ಓರೆ ಮಾಡು, ಅಲ್ಲಿ ಕೆಂಪು ಗೆರೆ ಬರುತ್ತದೆ. ಪೈನಿನ ಗಂಟುಗಳಿಂದ ಅಂಟು ಒಸರಿ ಬಣ್ಣ ಕೆಡುತ್ತದೆ, ಹಾಗಾಗಿ ಪ್ರೈಮರ್‌ಗೆ ಮೊದಲು ಗಂಟುಗಳ ಮೇಲೆ ಅರಗಿನ ಪಾಲಿಶ್ ಹಚ್ಚು. ಫ್ರೆಂಚ್ ಪಾಲಿಶ್‌ಗೆಂದು ನೀನು ಸ್ಪಿರಿಟ್‌ನಲ್ಲಿ ಕರಗಿಸುತ್ತೀಯಲ್ಲ, ಅದೇ. ಇಲ್ಲಿಯವರೂ ಅದನ್ನೇ ಹಚ್ಚುತ್ತಾರೆ.

ಕುಂಚಗಳನ್ನು ನಾನು ಕಳಿಸುತ್ತೇನೆ, ಅಲ್ಲಿ ಅಷ್ಟು ಉದ್ದ ಕೂದಲಿನವು ಹುಡುಕುತ್ತ ಕೂರಬೇಡ. ಮೊದಲು ಹಳೇ ತಗಡಿನ ಮೇಲೆ ದಳ ಎಳೆದು ಕೈ ಪಳಗಿಸು, ಬೇಡವಾದರೆ ಒರೆಸಬಹುದು. ನಿಮ್ಮಲ್ಲಿ ಮಳೆ ಹಿಡಿದಿರುವಾಗ ಎನಾಮೆಲ್ ಒಣಗುವುದಿಲ್ಲ. ಮರಗೆಲಸವನ್ನು ಈಗಲೇ ಮುಗಿಸಿಟ್ಟುಕೋ, ಬಣ್ಣ ದೀಪಾವಳಿ ಕಳೆದ ಮೇಲೆ ಹಿಡಿದರಾಯಿತು. ಹಿನ್ನೆಲೆಗೆ ಕಪ್ಪೋ ಹಸಿರೋ ಅನ್ನುವುದನ್ನು ಮಾತ್ರ ಬೇಗ ಬರೆದು ತಿಳಿಸು.

ನಿನ್ನ ಗೆಳೆಯ